ಅಡಕೆಯ ತೋಟವೂ ಸಂಕೀರ್ಣ ವ್ಯವಸ್ಥೆಯ ಶಾಸ್ತ್ರವೂ

ಪುತ್ತೂರು, ಸುಳ್ಯ, ಕಡಬ ಎಂದು ಇಂದು ಮೂರು ತಾಲೂಕುಗಳಾಗಿ ಎಣಿಕೆಗೆ ಬರುವ ಸೀಮೆಯು ಭೂಮಿಯ ಲಕ್ಷಣದಿಂದ ನೋಡಿದರೆ ಒಂದೇ. ಕುಮಾರಪರ್ವತದ ಅಡಿಯಲ್ಲಿ ಸುಬ್ರಹ್ಮಣ್ಯವನ್ನು ಬಳಸಿ ಹರಿಯುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ತೆಂಕಲಲ್ಲಿ ಕೊಡಗಿನ ಗಟ್ಟದಿಂದ ಇಳಿದ ಪಯಸ್ವಿನಿಯು ಸಂಪಾಜೆ, ಸುಳ್ಯಗಳನ್ನು ದಾಟಿ ಕಾಸರಗೋಡಿನ ಕಡೆಗೆ ತಿರುಗಿ ಚಂದ್ರಗಿರಿಯೆನಿಸಿಕೊಳ್ಳುತ್ತದೆ. ಇವೆರಡರ ನಡುವೆ ಎತ್ತ ನೋಡಿದರೂ ಗುಡ್ಡ, ಗುಡ್ಡದ ಬುಡದಲ್ಲಿ ಕಂಗಿನ ತೋಟ, ತೋಟದ ಕೆಳಗೆ ಗದ್ದೆ, ಗದ್ದೆಯ ಅಂಚಿಗೆ ತೋಡು. ಈ ನಾಡಿನ ಚರಿತ್ರೆಯನ್ನು ಬರೆದವರು ಬಲ್ಲಾಳರನ್ನೂ ಕೊಡಗಿನ ಅರಸರನ್ನೂ ಕುಂಪಣಿಯ ಕಲೆಕ್ಟರರನ್ನೂ ಕುರಿತು ಬರೆದಿರುವರು. ತೋಟದ ಚರಿತ್ರೆಯನ್ನು ಬರೆದವರು ವಿರಳ. ಅದನ್ನು ಬರೆಯಹೊರಟರೆ ಸಸ್ಯಶಾಸ್ತ್ರಜ್ಞನೊಬ್ಬನಿಂದಾಗಲಿ, ಅರ್ಥಶಾಸ್ತ್ರಜ್ಞನೊಬ್ಬನಿಂದಾಗಲಿ, ಕಂದಾಯದ ಕಾಗದಪತ್ರಗಳನ್ನು ಓದಬಲ್ಲವನೊಬ್ಬನಿಂದಾಗಲಿ ಆ ಕೆಲಸವು ಪೂರೈಸುವಂಥದಲ್ಲ.

ಏಕೆಂದರೆ ತೋಟವೆಂಬುದು ಮರಗಳ ಸಾಲು ಮಾತ್ರವಲ್ಲ. ಕಂಗಿನ ಬುಡಕ್ಕೆ ಸೊಪ್ಪು ಬೇಕು. ಸೊಪ್ಪು ಗುಡ್ಡದಿಂದ ಬರಬೇಕು. ಆ ಸೊಪ್ಪು ಹಟ್ಟಿಯಲ್ಲಿ ದನಗಳ ಕಾಲಡಿಗೆ ಬಿದ್ದು ಗೊಬ್ಬರವಾಗಿ ತೋಟಕ್ಕೆ ಇಳಿಯಬೇಕು. ದನಕ್ಕೆ ಗದ್ದೆಯ ಹುಲ್ಲು ಬೇಕು. ಗುಡ್ಡದ ಮೇಲೆ ಬಿದ್ದ ಮಳೆ ಮರಗಳ ಬೇರಿನೆಡೆಯಲ್ಲಿ ಇಂಗಿ, ಬೇಸಗೆಯಲ್ಲಿ ಬಾವಿಯಲ್ಲಿಯೋ ಸುರಂಗದಲ್ಲಿಯೋ ಒಸರಬೇಕು. ಮಳೆಗಾಲದ ಅಧಿಕ ನೀರು ಸಾಲುಗಳ ನಡುವಣ ಕಣಿಯ ಮೂಲಕ ಹೊರಗೆ ಹೋಗಬೇಕು. ಕೃಷಿಯ ವರ್ಗದ ಸುತ್ತ ೧೦೦ ಗಜದೊಳಗಿನ ಸರಕಾರಿ ಭೂಮಿಯಿಂದ ಸೊಪ್ಪು ಸೌದೆಗಳನ್ನು ತರುವ ‘ಕುಮ್ಕಿ’ ಎಂಬ ಹಕ್ಕು ದಕ್ಷಿಣ ಕನ್ನಡದಲ್ಲಿ ನೆಲೆಗೊಂಡುದಕ್ಕೆ ಈ ಸಂಬಂಧವೇ ಕಾರಣ. ಪರವೂರಿನ ಅಧಿಕಾರಿಗಳಿಗೆ ಅದು ಒಂದು ರಿಯಾಯಿತಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ತೋಟದವನಿಗೆ ಅದು ತೋಟದ ಅರ್ಧಾಂಗ. ಗುಡ್ಡವನ್ನು ಕಳೆದರೆ ತೋಟವು ಉಳಿಯದು.

ಇಂಥ ಪರಸ್ಪರ ಹೆಣೆದ ವಸ್ತುಗಳನ್ನು ಅಭ್ಯಸಿಸಲು ಒಂದು ಬೇರೆ ಶಾಸ್ತ್ರವೇ ಬೇಕೆಂಬ ಮಾತು ಪಾಶ್ಚಾತ್ಯ ವಿದ್ವಾಂಸರಲ್ಲಿ ಸ್ಪಷ್ಟವಾಗಿ ಕೇಳಿಬಂದುದು ಎರಡನೆಯ ಮಹಾಯುದ್ಧದ ಅನಂತರ. ೧೯೪೮ರಲ್ಲಿ ಅಮೆರಿಕೆಯ ವಾರೆನ್ ವೀವರನು ಒಂದು ಲೇಖನದಲ್ಲಿ ವಿಜ್ಞಾನದ ಸಮಸ್ಯೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದನು. ಎರಡು ಮೂರು ಅಂಶಗಳಷ್ಟೇ ಇರುವ ಸರಳ ಸಮಸ್ಯೆಗಳು ಒಂದು. ಲೆಕ್ಕವಿಲ್ಲದಷ್ಟು ಕಣಗಳು ಮನಬಂದಂತೆ ಚಲಿಸುವಾಗ ಸರಾಸರಿಯ ಲೆಕ್ಕದಿಂದ ಬಿಡಿಸಬಹುದಾದ ಸಮಸ್ಯೆಗಳು ಇನ್ನೊಂದು. ಇವೆರಡರ ನಡುವೆ, ಹಲವು ಅಂಶಗಳು ಒಂದನ್ನೊಂದು ಅವಲಂಬಿಸಿ ಒಂದು ಸಂಘಟನೆಯಾಗಿ ನಡೆದುಕೊಳ್ಳುವಂಥವು ಮೂರನೆಯವು. ಈ ಮೂರನೆಯದನ್ನು ಇನ್ನು ಮುಂದಿನ ವಿಜ್ಞಾನವು ಎದುರಿಸಬೇಕಾಗಿದೆಯೆಂದು ಅವನ ಅಭಿಪ್ರಾಯ. ೧೯೮೪ರಲ್ಲಿ ಅಮೆರಿಕೆಯ ಸಾಂಟಾ ಫೆ ಎಂಬ ಊರಲ್ಲಿ ಭೌತವಿಜ್ಞಾನಿಗಳು, ಜೀವವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು ಒಂದೇ ಚಾವಡಿಯಲ್ಲಿ ಕುಳಿತು ವಿಚಾರಿಸುವುದಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ೨೦೨೧ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಸಂಕೀರ್ಣ ವ್ಯವಸ್ಥೆಗಳ ಅಭ್ಯಾಸಕ್ಕಾಗಿಯೇ ಮನಾಬೆ, ಹ್ಯಾಸೆಲ್ಮನ್, ಪರೀಸಿ ಎಂಬ ಮೂವರಿಗೆ ಸಂದಿತು. ಶಾಸ್ತ್ರಗಳ ನಡುವಣ ಬೇಲಿಯನ್ನು ಲೆಕ್ಕಿಸದೆ ನಡೆಯುವುದು ಪುತ್ತೂರಿಗೆ ಹೊಸತೇನೂ ಅಲ್ಲ. ಅಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನಪ್ರಪಂಚ’ಗಳನ್ನು ಒಬ್ಬರೇ ಬರೆದು ಮುಗಿಸಿದುದು ವಾಚಕರಿಗೆ ವಿದಿತವೇ ಇದೆ.

ಆದರೆ ಶಾಸ್ತ್ರಕ್ಕೆ ಹೆಸರು ಬರುವ ಮೊದಲೇ ಅದರ ಪಾಠಗಳು ಈ ಸೀಮೆಯಲ್ಲಿ ನಡೆದುಹೋಗಿವೆ. ಚಿಕ್ಕದೊಂದು ಬದಲಾವಣೆ ಎಲ್ಲಿಯೋ ಆದರೆ ಅದರ ಫಲವು ಅಳತೆಮೀರಿ ಇನ್ನೆಲ್ಲಿಯೋ ತೋರುವುದುಂಟು. ಅಮರಸುಳ್ಯ, ಪುತ್ತೂರುಗಳು ೧೮೩೪ರ ವರೆಗೆ ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದವು. ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಸಲ್ಲಿಸಬಹುದಾಗಿತ್ತು. ಕುಂಪಣಿಯವರು ಕೊಡಗನ್ನು ಕಸಿದುಕೊಂಡು ಈ ಮಾಗಣೆಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿ, ಕಂದಾಯವನ್ನು ನಗದಾಗಿ ಕೊಡಬೇಕೆಂದು ವಿಧಿಸಿದರು. ಕಚೇರಿಯ ಪುಸ್ತಕದಲ್ಲಿ ಇದು ಒಂದು ಕಲಮಿನ ತಿದ್ದುಪಡಿ. ರೈತನ ಪಾಲಿಗಾದರೋ, ಕೊಯ್ಲಿನ ಕಾಲದಲ್ಲಿ ಎಲ್ಲರೂ ಒಟ್ಟಿಗೆ ಮಾರಬೇಕಾಗಿ ಬಂದುದರಿಂದ ಧಾರಣೆ ಕುಸಿಯುವುದು, ಸಾಲ ಏರುವುದು, ಸಾಲಗಾರನ ಕೈಗೆ ಬೆಳೆ ಸೇರುವುದು. ಉಪ್ಪು ಹೊಗೆಸೊಪ್ಪುಗಳ ಮೇಲಣ ಏಕಸ್ವಾಮ್ಯದ ಕಿರುಕುಳ ಅದಕ್ಕೆ ಕೂಡಿತು. ಪದಚ್ಯುತ ರಾಜಮನೆತನದ ಮೇಲಣ ಅಭಿಮಾನವೂ ಕೂಡಿತು. ೧೮೩೭ರ ಮಾರ್ಚಿ ಕೊನೆಯಲ್ಲಿ ಸುಳ್ಯದ ಕಡೆ ಎದ್ದ ಜನರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ದಾರಿಯುದ್ದಕ್ಕೂ ಬಲ ಕೂಡಿಸುತ್ತ, ಏಪ್ರಿಲ್ ೫ರಂದು ಮಂಗಳೂರನ್ನೇ ಹಿಡಿದರು. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದ ಮುಂದಾಳುಗಳ ಹೆಸರು ಇಂದಿಗೂ ಜನರ ನಾಲಗೆಯ ಮೇಲಿದೆ. ಕೆಲವೇ ದಿನಗಳಲ್ಲಿ ಕುಂಪಣಿಯ ಸೈನ್ಯ ಬಂದು ದಂಗೆಯನ್ನು ಅಡಗಿಸಿತು. ಮುಂದಾಳುಗಳಲ್ಲಿ ಹಲವರಿಗೆ ಗಲ್ಲು. ಇದನ್ನು ಒಬ್ಬ ಸನ್ಯಾಸಿ ವೇಷದವನ ಕಾಟವೆಂದು ಸರಕಾರದವರು ಕಂಡರು. ಕಾರಣವು ಒಬ್ಬನಲ್ಲಿ ಇಲ್ಲದಿರಲು ಒಬ್ಬನನ್ನು ಗಲ್ಲಿಗೇರಿಸಿ ಅದನ್ನು ತೀರಿಸುವುದು ಹೇಗೆ?

ರೋಗದ ವಿಷಯವೂ ಹೀಗೆಯೇ. ಆಟಿಯ ಜಡಿಮಳೆಗೆ ಎಳೆಯ ಕಾಯಿಗಳು ಕೊಳೆತು ಉದುರುವ ‘ಕೊಳೆರೋಗ’ವನ್ನು ಬೆಳೆಗಾರರು ಹಿಂದಿನಿಂದಲೂ ಬಲ್ಲರು, ಮಲೆನಾಡಿನವರು ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ೧೯೧೦ರ ಸುಮಾರಿಗೆ ಇದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಅಡಕೆಗೆ ಅನ್ವಯಿಸಿದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಮಳೆ ಹಿಡಿಯುವ ಮೊದಲು ಒಮ್ಮೆ, ನಾಲ್ವತ್ತು ನಾಲ್ವತ್ತೈದು ದಿನದ ಮೇಲೆ ಮತ್ತೊಮ್ಮೆ. ಮದ್ದು ಸರಳ, ಅದರ ನಡವಳಿಕೆ ಸರಳವಲ್ಲ. ಒಬ್ಬನು ಮದ್ದು ಬಿಟ್ಟು ನೆರೆಯವನು ಬಿಡದಿದ್ದರೆ ಗಾಳಿಮಳೆಯೊಡನೆ ರೋಗವು ಬೇಲಿಯನ್ನು ದಾಟುತ್ತದೆ. ಮಳೆ ಬಿಡುವು ಕೊಡದ ವರ್ಷ ಮರ ಹತ್ತುವವನು ಸಿಕ್ಕದೆ ಹೋದರೆ ಒಂದು ವಾರದ ವಿಳಂಬಕ್ಕೆ ಅರ್ಧ ಬೆಳೆ ನೆಲಕ್ಕೆ. ಮರ ಹತ್ತಬಲ್ಲವರ ಮಕ್ಕಳು ಮಂಗಳೂರು ಬೆಂಗಳೂರುಗಳಿಗೆ ಉದ್ಯೋಗಕ್ಕೆ ಹೋದುದು ಒಂದು ಸಾಮಾಜಿಕ ಸಂಗತಿ. ಅದೇ ಶಿಲೀಂಧ್ರದ ಚರಿತ್ರೆಯೂ ಆಗಿ ಪರಿಣಮಿಸುತ್ತದೆ.

ಇನ್ನು ಧಾರಣೆಯ ಮಾತು. ಅಡಕೆ ಸಸಿಯು ಫಲ ಕೊಡಲು ಐದರಿಂದ ಏಳು ವರ್ಷ ಬೇಕು. ಫಲಕ್ಕೆ ಬಂದ ಮೇಲೆ ಅದು ಹಲವು ದಶಕಗಳ ಕಾಲ ಬಿಡದೆ ಕಾಯುತ್ತದೆ. ಇಂದಿನ ಧಾರಣೆಯನ್ನು ನೋಡಿ ಇಟ್ಟ ಸಸಿಯ ಅಡಕೆ ಪೇಟೆಗೆ ಬರುವಾಗ ಧಾರಣೆ ಇನ್ನೇನೋ ಆಗಿರುತ್ತದೆ. ಎಲ್ಲರೂ ಒಂದೇ ಧಾರಣೆಯನ್ನು ನೋಡಿ ಸಸಿಯಿಟ್ಟಿದ್ದರಿಂದ ಎಲ್ಲರ ಅಡಕೆಯೂ ಒಟ್ಟಿಗೆ ಬರುತ್ತದೆ. ಬೆಲೆ ಬೆಳೆಗಳ ಈ ತಡವಾದ ಹಿಂದುಮುಂದಿನ ಓಟಕ್ಕೆ, ಕಾಗದದ ಮೇಲೆ ಗೆರೆಯೆಳೆದರೆ ಜೇಡರ ಬಲೆಯಂತೆ ಕಾಣುವುದರಿಂದ, ‘ಜೇಡರ ಬಲೆಯ ಸಿದ್ಧಾಂತ’ವೆಂದು ೧೯೩೪ರಲ್ಲಿ ನಿಕೊಲಾಸ್ ಕಾಲ್ಡೋರನು ಹೆಸರಿಟ್ಟನು. ಯಾವನೊಬ್ಬ ಬೆಳೆಗಾರನೂ ಮೂರ್ಖನಲ್ಲ; ಒಬ್ಬೊಬ್ಬನ ಜಾಣತನವೂ ಕೂಡಿದಾಗ ಒಟ್ಟಾರೆ ಎಡವಟ್ಟಾಗುವುದೇ ಇಲ್ಲಿನ ಸೋಜಿಗ.

ಈ ಬಲೆಯೊಳಗೆ ದಕ್ಷಿಣ ಕನ್ನಡವು ಬಿದ್ದುದು ಸ್ವಾತಂತ್ರ್ಯದ ಅನಂತರ. ಅದಕ್ಕೆ ಮೊದಲು ಭಾರತಕ್ಕೆ ಸಿಂಹಳ ಮಲಯಗಳಿಂದ ಹೇರಳವಾಗಿ ಅಡಕೆ ಬರುತ್ತಿತ್ತು. ಆಮದು ಇಳಿಯಿತು, ದೇಶದೊಳಗೆ ಬೆಳೆಸಬೇಕೆಂಬ ಉತ್ತೇಜನ ಹುಟ್ಟಿತು. ೧೯೪೯ರಲ್ಲಿ ಭಾರತೀಯ ಕೇಂದ್ರೀಯ ಅಡಕೆ ಸಮಿತಿ, ೧೯೫೬ರಲ್ಲಿ ಸಮೀಪದ ವಿಟ್ಲದಲ್ಲಿ ಅಡಕೆ ಸಂಶೋಧನ ಕೇಂದ್ರ. ತೋಟಗಳು ಗದ್ದೆಗಿಳಿದವು. ೧೯೭೦–೭೧ರಲ್ಲಿ ಧಾರಣೆ ಕುಸಿದು ಬಿತ್ತು. ಚಾಲಿಯನ್ನು ಅಂಗಳದಲ್ಲಿ ಒಣಗಿಸಿ, ಸುಲಿದು, ಪಟೋರ, ಉಳ್ಳಿ, ಕೋಕವೆಂದು ಹೆಕ್ಕಿ ಬೇರ್ಪಡಿಸಿ ಗೋಣಿಯಲ್ಲಿ ತುಂಬಿದ ಮನೆಗಳಲ್ಲಿ ಅದನ್ನು ಕೊಳ್ಳುವವರು ಬಾರದಾದರು.

ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಬೆಳೆಗಾರರು ಕೂಡಿ, ೧೯೭೩ನೆಯ ಜುಲೈ ೧೧ರಂದು ಕರ್ನಾಟಕ ಕೇರಳಗಳೆರಡಕ್ಕೂ ಸೇರಿದ ‘ಕ್ಯಾಂಪ್ಕೊ’ ಸಹಕಾರ ಸಂಸ್ಥೆಯನ್ನು ಮಂಗಳೂರಲ್ಲಿ ಸ್ಥಾಪಿಸಿದರು. ಇಳಿಯುವ ಪೇಟೆಯಲ್ಲಿ ತಾನು ಕೊಳ್ಳುವುದೆಂಬುದು ಅದರ ಮುಖ್ಯ ಉಪಾಯ. ವ್ಯವಸ್ಥೆಯ ಶಾಸ್ತ್ರಜ್ಞರು ‘ಪ್ರತಿಕೂಲ ಮರುಪರಿಣಾಮ’ವೆಂದು ಕರೆಯುವ, ಏರಿಳಿತಕ್ಕೆ ಅಡ್ಡನಿಲ್ಲುವ ಶಕ್ತಿಯನ್ನು ಬೆಳೆಗಾರರು ತಮ್ಮ ಕೈಯಾರೆ ಪೇಟೆಯೊಳಕ್ಕೆ ನೆಟ್ಟುದು ಇದು. ಅಡಕೆ ನೆರಳಲ್ಲಿ ಉಪಬೆಳೆಯಾಗಿ ಬಂದ ಕೊಕ್ಕೋವಿಗೂ ಕೆಲವು ವರ್ಷಗಳಲ್ಲಿಯೇ ಲೋಕದ ಪೇಟೆಯಲ್ಲಿ ಬೆಲೆ ಕುಸಿದಾಗ ಸಂಸ್ಥೆಯು ಅದನ್ನೂ ಕೊಳ್ಳಹೊರಟಿತು. ಕೊಂಡುದನ್ನು ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರವಾಗಿ ೧೯೮೬ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟಿನ ಕಾರ್ಖಾನೆ ಎದ್ದಿತು. ಯಾರೂ ಮೊದಲೇ ಯೋಜಿಸಿದ್ದ ಊರಲ್ಲ ಈಗಿನ ಪುತ್ತೂರು; ಒಂದು ಬಿಕ್ಕಟ್ಟು ಇನ್ನೊಂದಕ್ಕೆ ಹೊರಳಿದ ಹೊರಳಿಕೆಯಲ್ಲಿಯೇ ಅದು ಬೆಳೆಯಿತು. ಇದರ ನಡುವೆಯೇ ೧೯೭೪ರ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದರು. ಒಡೆತನದ ನೆಮ್ಮದಿಯಿಲ್ಲದೆ ಏಳು ವರ್ಷ ಕಾಯುವ ಸಸಿಯನ್ನು ಯಾರು ನೆಡುವರು? ತೋಟಗಳು ಮತ್ತೆ ಹೆಚ್ಚಿದವು.

ದೂರದ ಕಾರಣಗಳಿಗೂ ಕೊರತೆಯಿಲ್ಲ. ೧೯೬೪ರ ಅಕ್ಟೋಬರದಲ್ಲಿ ಲಾಲ್ ಬಹಾದುರ ಶಾಸ್ತ್ರಿಗಳೂ ಸಿಂಹಳದ ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆಯವರೂ ಸಹಿ ಹಾಕಿದ ಒಪ್ಪಂದದ ಫಲವಾಗಿ ಚಹದ ತೋಟಗಳ ತಮಿಳು ಕೂಲಿಕಾರರು ಭಾರತಕ್ಕೆ ಮರಳಬೇಕಾಯಿತು. ಅವರಲ್ಲಿ ಕೆಲವರಿಗೆ ಆಶ್ರಯವಾಗಿ ಸುಳ್ಯ ಪುತ್ತೂರುಗಳ ಗುಡ್ಡಗಳಲ್ಲಿ ಸರಕಾರದ ರಬ್ಬರು ತೋಟಗಳು ಬೆಳೆದವು. ಲೋಕ ಆರೋಗ್ಯ ಸಂಸ್ಥೆಯ ಕ್ಯಾನ್ಸರು ಸಂಶೋಧನ ವಿಭಾಗವು ೨೦೦೪ರಲ್ಲಿ ಅಡಕೆಯನ್ನು ಕ್ಯಾನ್ಸರುಕಾರಕವೆಂದು ಪ್ರಕಟಿಸಿತು. ೨೦೧೩ರಲ್ಲಿ ಕರ್ನಾಟಕವು ಗುಟಕವನ್ನು ನಿಷೇಧಿಸಿತು. ಜಿಲ್ಲೆಯ ಬದುಕೇ ನಿಂತಿರುವ ಬೆಳೆಯ ವಿಷಯದಲ್ಲಿ ಈ ಮಾತನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ; ಪರ್ಯಾಯವನ್ನು ತೋರಿಸದೆ ಬೆಳೆಗಾರನನ್ನು ದೂರುವುದೂ ನ್ಯಾಯವಲ್ಲ.

ಇದೆಲ್ಲದರ ಸೋಂಕು ಕೊನೆಗೆ ಗುಡ್ಡಕ್ಕೆ ತಗಲಿತು. ಕೊಳವೆಬಾವಿ ಬಂದ ಮೇಲೆ ತೋಡಿಗೆ ಕಲ್ಲು ಮಣ್ಣು ಸೊಪ್ಪುಗಳಿಂದ ಕಟ್ಟ ಕಟ್ಟುವ ನೆರೆಹೊರೆಯ ಕೂಟಗಳು ತೆಳುವಾದವು; ಸೊಪ್ಪಿನ ಬದಲು ಚೀಲದ ಗೊಬ್ಬರ ಬಂದ ಮೇಲೆ ಕುಮ್ಕಿಯ ಮರಗಳ ಅಗತ್ಯವು ಕಾಣದಾಯಿತು. ೨೦೧೮ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಸಂಪಾಜೆಯ ದಾರಿ ಮುಚ್ಚಿದಾಗ ಪಯಸ್ವಿನಿಯು ಕೆಸರಾಗಿ ಹರಿಯಿತು.

ಆ ಸಂಪಾಜೆ, ಅರಂತೋಡುಗಳ ಕಡೆಯಲ್ಲಿಯೇ ಇನ್ನೊಂದು ಸಂಕಟವು ಬಹುಕಾಲದಿಂದ ಬೇರೂರಿದೆ. ಕೇರಳದಲ್ಲಿ ೧೯೧೪ರಷ್ಟು ಹಿಂದೆಯೇ ಕಂಡ ಹಳದಿ ಎಲೆ ರೋಗವಿದು. ಸೋಗೆಯ ತುದಿಯಿಂದ ಹಳದಿಯೇರಿ, ಕಾಯಿಯ ತಿರುಳು ಕಪ್ಪಾಗಿ, ತಲೆ ಸಣ್ಣದಾಗಿ ಮರ ಬರಡಾಗುತ್ತದೆ. ಫೈಟೊಪ್ಲಾಸ್ಮವೆಂಬ ಅತಿಸೂಕ್ಷ್ಮ ಜೀವಿಯು ಇದಕ್ಕೆ ಸಂಬಂಧಿಸಿದೆಯೆಂದೂ ಒಂದು ಜಾತಿಯ ಜಿಗಿಹುಳು ಅದನ್ನು ಹರಡುತ್ತದೆಯೆಂದೂ ತಿಳಿದಿದೆ, ಮದ್ದು ಇಲ್ಲ. ತೋಟ ಕಳೆದುಕೊಂಡವರು ಬೇರೆ ಬೆಳೆಗಳನ್ನು ಪರೀಕ್ಷಿಸುತ್ತಿದ್ದಾರೆ. ಸಾಲ ಮಾಡಿದವರಿಗೆ ಆ ಪರೀಕ್ಷೆಗೂ ಬಂಡವಾಳವಿಲ್ಲ. ಆದರೆ ರೋಗ ಸುತ್ತಿದ ತೋಟಗಳಲ್ಲಿಯೂ ಅಲ್ಲೊಂದು ಇಲ್ಲೊಂದು ಮರವು ಹಸಿರಾಗಿಯೇ ನಿಂತಿದೆ. ಅಂಥವುಗಳನ್ನು ಗುರುತಿಸಿ, ಅವುಗಳ ಸಂತಾನವನ್ನು ಬೆಳೆಸುವ ಯತ್ನವನ್ನು ವಿಟ್ಲದ ಸಂಶೋಧಕರು ಕೈಗೊಂಡಿದ್ದಾರೆ. ಆ ಸಸಿಗಳೂ ಫಲಕ್ಕೆ ಬರಲು ಐದರಿಂದ ಏಳು ವರ್ಷ ಬೇಕು.