ಅನೂರ್ಜಿತ ವಿವಾಹದ ಮಕ್ಕಳ ದಾಯಹಕ್ಕು

ಕಾನೂನಿನ ಮಾನ್ಯತೆಯಿಲ್ಲದ ಮದುವೆಯಿಂದ ಹುಟ್ಟಿದ ಮಕ್ಕಳಿಗೆ ತಂದೆತಾಯಿಯ ಆಸ್ತಿಯಲ್ಲಿ ಸಲ್ಲುವ ಹಕ್ಕು. ಹಿಂದೂ ವಿವಾಹ ಅಧಿನಿಯಮ, 1955ರ ಕಲಂ 16 ಇದರ ಆಧಾರ. ಮೊದಲ ಹೆಂಡತಿ ಬದುಕಿದ್ದು, ವಿಚ್ಛೇದನವಾಗದೆ ನಡೆದ ಎರಡನೆಯ ಮದುವೆ ಇಂಥ ವ್ಯಾಜ್ಯಗಳ ಸಾಮಾನ್ಯ ಮೂಲ. ಲಗ್ನಪತ್ರಿಕೆ, ಪಡಿತರ ಚೀಟಿ, ಶಾಲಾ ದಾಖಲೆಯಲ್ಲಿನ ತಂದೆಯ ಹೆಸರು ಪುರಾವೆಗಳಾಗಿ ಬರುತ್ತವೆ. ದೀರ್ಘಕಾಲದ ಸಹಬಾಳ್ವೆಯಿಂದ ಮದುವೆಯಾಗಿದೆಯೆಂದು ನ್ಯಾಯಾಲಯ ಭಾವಿಸಬಹುದು, ಆದರೆ ಎದುರು ಪಕ್ಷ ಅದನ್ನು ಅಲ್ಲಗಳೆಯಬಹುದು.

ಮೂಲ ಕಲಮಿನಲ್ಲಿ ಮಕ್ಕಳ ಧರ್ಮಜತ್ವ (ಕಾನೂನುಬದ್ಧ ಸಂತಾನವೆಂಬ ಮಾನ್ಯತೆ) ಮದುವೆಯನ್ನು ಅನೂರ್ಜಿತವೆಂದು ಸಾರುವ ಡಿಕ್ರಿಯನ್ನು ಅವಲಂಬಿಸಿತ್ತು. 1976ರ ತಿದ್ದುಪಡಿ ಈ ಅನ್ಯಾಯದ ಷರತ್ತನ್ನು ತೆಗೆಯಿತು. ಆದರೆ ಹಕ್ಕು ತಂದೆತಾಯಿಯ ಆಸ್ತಿಗಷ್ಟೇ ಸೀಮಿತ. ಇತರ ಬಂಧುಗಳ ಆಸ್ತಿಗೆ ಅನ್ವಯಿಸದು.

ಪಿತ್ರಾರ್ಜಿತದಲ್ಲಿ ಪಾಲುಂಟೇ ಎಂಬುದು ಬಹುಕಾಲ ವಿವಾದವಾಗಿತ್ತು. ಸುಪ್ರೀಂ ಕೋರ್ಟ್ 2003ರಲ್ಲಿ ಇಲ್ಲವೆಂದಿತು. ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಮೊಕದ್ದಮೆಯಲ್ಲಿ 2011ರಲ್ಲಿ ದ್ವಿಸದಸ್ಯ ಪೀಠ ಅದನ್ನು ಒಪ್ಪದೆ ವಿಸ್ತೃತ ಪೀಠಕ್ಕೆ ಕಳುಹಿಸಿತು. 2023ರ ಸೆಪ್ಟೆಂಬರ್ 1ರಂದು ತ್ರಿಸದಸ್ಯ ಪೀಠ ತೀರ್ಪಿತ್ತಿತು: ಈ ಮಕ್ಕಳು ಹುಟ್ಟಿನಿಂದ ಸಹದಾಯಾದಿಗಳಲ್ಲ; ಆದರೆ ತಂದೆಯ ಮರಣಕ್ಕೆ ಮುನ್ನ ವಿಭಾಗವಾಗಿದೆಯೆಂದು ಭಾವಿಸಿದಾಗ ಅವನಿಗೆ ಬರುವ ಪಾಲಿನಲ್ಲಿ ಅವರೂ ವಾರಸುದಾರರು. ಉದಾಹರಣೆಗೆ, ತಂದೆ ಮತ್ತು ಧರ್ಮಜ ಮಗನಿಗೆ ಸೇರಿದ 8 ಎಕರೆಯಲ್ಲಿ ತಂದೆಯ ಪಾಲು 4. ಅವನು ಉಯಿಲು ಬರೆಯದೆ ತೀರಿಕೊಂಡು, ಬೇರೆ ವಾರಸುದಾರರಿಲ್ಲದಿದ್ದರೆ, ಎರಡನೆಯ ಮದುವೆಯ ಮಗನಿಗೆ ಅದರಲ್ಲಿ 2 ಎಕರೆ ಸಲ್ಲುತ್ತದೆ. ತೀರ್ಪು ಹಿಂದೂ ದಾಯಕಾನೂನಿನ ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬಗಳಿಗೆ ಸಂಬಂಧಿಸಿದ್ದು. ಅನೂರ್ಜಿತ ಮದುವೆಯ ಹೆಂಡತಿಗೆ ಕಲಂ 16 ಯಾವ ದಾಯಹಕ್ಕನ್ನೂ ಕೊಡುವುದಿಲ್ಲ.