ಬಿಷಪ್ ಕಾಲ್ಡ್‌ವೆಲ್ಲನೂ ದ್ರಾವಿಡ ಭಾಷೆಗಳೂ

ಕನ್ನಡವು ಸಂಸ್ಕೃತಜನ್ಯವಲ್ಲವೆಂಬ ಸಿದ್ಧಾಂತವನ್ನು ಸೋಪಪತ್ತಿಕವಾಗಿ ವಿಸ್ತರಿಸಿ ನೆಲೆಗೊಳಿಸಿದವನು ತಿರುನೆಲ್ವೇಲಿ ಸೀಮೆಯ ಪಾದ್ರಿ ರಾಬರ್ಟ್ ಕಾಲ್ಡ್‌ವೆಲ್ಲನು.

1814ರಲ್ಲಿ ಐರ್ಲೆಂಡಿನಲ್ಲಿ ಜನಿಸಿದ ಈತನು 1838ರಲ್ಲಿ ಲಂಡನ್ ಮಿಷನ್ನಿನ ಪರವಾಗಿ ಮದರಾಸಿಗೆ ಬಂದನು. 1841ರಲ್ಲಿ ಆಂಗ್ಲಿಕನ್ ಸಭೆಯನ್ನು ಸೇರಿ ಇಡೈಯನ್‌ಗುಡಿಯೆಂಬ ಹಳ್ಳಿಯಲ್ಲಿ ನೆಲಸಿದನು. 1856ರಲ್ಲಿ ಆತನ ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣವು ಪ್ರಕಟವಾಯಿತು. ಈ ಭಾಷೆಗಳ ಬಾಂಧವ್ಯವನ್ನು ಮದರಾಸಿನ ಅಧಿಕಾರಿ ಎಲ್ಲಿಸನು 1816ರಲ್ಲಿಯೇ ತೋರಿಸಿದ್ದನಾದುದರಿಂದ, ಮೊದಲು ಕಂಡವನೆಂಬ ಕೀರ್ತಿಯು ಕಾಲ್ಡ್‌ವೆಲ್ಲನಿಗೆ ಸಲ್ಲದು. ಆತನ ಹಿರಿಮೆಯು ವಿಧಾನದಲ್ಲಿದೆ. ಶಬ್ದಗಳು ಒಂದು ನುಡಿಯಿಂದ ಮತ್ತೊಂದಕ್ಕೆ ಸುಲಭವಾಗಿ ಸಾಗುವುವು; ಸರ್ವನಾಮ, ವಿಭಕ್ತಿಪ್ರತ್ಯಯ, ಕ್ರಿಯಾರೂಪಗಳು ಹಾಗೆ ಸಾಗುವುದು ವಿರಳ. ಇವುಗಳನ್ನೇ ಆತನು ಹೋಲಿಸಿದನು. ತಮಿಳರ ನಡುವೆ ಬಾಳಿದವನಾದರೂ, ಮೂಲದ್ರಾವಿಡದ ರೂಪವು ತಮಿಳೊಂದರಿಂದಲೇ ತಿಳಿಯದೆಂದು ಬಗೆದು ಹಳಗನ್ನಡದ ಸಾಕ್ಷ್ಯವನ್ನೂ ತೆಗೆದುಕೊಂಡನು. 1875ರ ಪರಿಷ್ಕೃತ ಮುದ್ರಣದಲ್ಲಿ ತುಳು, ಕೊಡಗು ಭಾಷೆಗಳೂ ಸೇರಿ 12 ಭಾಷೆಗಳ ಗಣನೆಯುಂಟು. ದ್ರಾವಿಡಕ್ಕೂ ಸಿಥಿಯನ್ ವರ್ಗಕ್ಕೂ ಸಂಬಂಧವುಂಟೆಂಬ ಆತನ ಊಹೆಯು ಮಾತ್ರ ನಿಲ್ಲಲಿಲ್ಲ.

1877ರಲ್ಲಿ ಕಲ್ಕತ್ತೆಯಲ್ಲಿ ಆತನಿಗೆ ಬಿಷಪ್ ಪದವಿಯ ಅಭಿಷೇಕವಾಯಿತು; ಆದರೆ ಸ್ವತಂತ್ರವಾದ ಅಧಿಕಾರಕ್ಷೇತ್ರವಿಲ್ಲದೆ ಮದರಾಸಿನ ಬಿಷಪ್ಪನ ಸಹಾಯಕನಾಗಿಯೇ ಉಳಿದನು. ತಿರುನೆಲ್ವೇಲಿಯು ಪ್ರತ್ಯೇಕ ಕ್ಷೇತ್ರವಾದುದು 1896ರಲ್ಲಿ. ಅಷ್ಟರೊಳಗೆ, 1891ರಲ್ಲಿ, ಆತನು ಕೊಡೈಕನಾಲಿನಲ್ಲಿ ತೀರಿಕೊಂಡಿದ್ದನು. ದೇಹವನ್ನು ಇಡೈಯನ್‌ಗುಡಿಯ ದೇವಾಲಯದಲ್ಲಿ ಸಮಾಧಿಮಾಡಿದರು.

ಆತನ ಬರಹವೆಲ್ಲವೂ ನಿರ್ದುಷ್ಟವಲ್ಲ. 1849ರ ಪುಸ್ತಕವೊಂದರಲ್ಲಿ ತನ್ನ ಸಭೆಯವರೇ ಆಗಿದ್ದ ಶಾನಾರರನ್ನು, ಎಂದರೆ ನಾಡಾರರನ್ನು, ಹೀನೈಸಿ ಚಿತ್ರಿಸಿದನು. ಆ ಸಮುದಾಯದವರು ಅದನ್ನು ಬಲವಾಗಿ ಪ್ರತಿಭಟಿಸಿದರು. ಪ್ರತ್ಯಯಗಳ ವಿಷಯದಲ್ಲಿ ಸಾಕ್ಷ್ಯವನ್ನರಸಿದ ಎಚ್ಚರವು ಜನರ ವಿಷಯದಲ್ಲಿ ಆತನಿಗೆ ಒದಗಲಿಲ್ಲ. ವ್ಯಾಕರಣದ ಋಣವನ್ನು ಒಪ್ಪುವವರು ಈ ದೋಷವನ್ನೂ ಮರೆಯಲಾಗದು.