ಆಹಾರ ಸೇವನೆಯ ಅಸ್ವಸ್ಥತೆ ಮತ್ತು ಸಮುದಾಯಗಳ ನುಡಿ: ಒಂದು ಚಾರಿತ್ರಿಕ ಅವಲೋಕನ

ಅನ್ನವನ್ನು ತಾನಾಗಿಯೇ ದೂರಮಾಡಿ ಸೊರಗುವ ಸ್ಥಿತಿಯು ಆಧುನಿಕ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ರೋಗವಾಗಿ ನೆಲೆಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1873ರಲ್ಲಿ ಪ್ಯಾರಿಸ್ಸಿನ ಶಾರ್ಲ್ ಲಾಸೆಗ್ ಮತ್ತು ಲಂಡನ್ನಿನ ವಿಲಿಯಂ ಗಲ್ ಇದನ್ನು ಬೇರೆ ಬೇರೆಯಾಗಿ ವಿವರಿಸಿದರು. 1874ರಲ್ಲಿ ಅಚ್ಚಾದ ಗಲ್ ಅವರ ಪ್ರಬಂಧದಿಂದ ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರು ರೂಢಿಗೆ ಬಂದಿತು. ಗಮನಾರ್ಹ ಸಂಗತಿಯೆಂದರೆ, ಈ ಇಬ್ಬರ ಬರಹಗಳಲ್ಲಿಯೂ ದಪ್ಪಗಾಗುವ ಭಯದ ಪ್ರಸ್ತಾಪವಿಲ್ಲ. ಲಾಸೆಗ್ ಕಂಡ ಯುವತಿಯರು ಹೇಳಿಕೊಂಡದ್ದು ಉಂಡ ಮೇಲೆ ಹೊಟ್ಟೆಯಲ್ಲಾಗುವ ಅಸೌಖ್ಯವನ್ನು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಪ್ಪಗಾಗುವ ಭಯವೇ ರೋಗನಿರ್ಣಯದ ಮುಖ್ಯ ಲಕ್ಷಣವಾಯಿತು. ಇದು ಪಾಶ್ಚಾತ್ಯ ದೇಶಗಳ ಸ್ಥಿತಿವಂತ ಬಿಳಿಯ ಯುವತಿಯರ ಕಾಯಿಲೆಯೆಂಬ ಭಾವನೆಯೂ ಬೇರೂರಿತು. ಆ ಭಯವನ್ನು ಬಾಯಿಬಿಟ್ಟು ಹೇಳದವರು ಸಹಜವಾಗಿಯೇ ಈ ಚೌಕಟ್ಟಿನ ಹೊರಗುಳಿದರು.

ಈ ಗ್ರಹಿಕೆಯನ್ನು ಪ್ರಶ್ನಿಸಿದ ಮಹತ್ವದ ಅಧ್ಯಯನ ಹಾಂಗ್ ಕಾಂಗಿನ ಮನೋವೈದ್ಯ ಸಿಂಗ್ ಲೀ ಮತ್ತು ಸಂಗಡಿಗರದು. 1993ರಲ್ಲಿ ಪ್ರಕಟವಾದ ಇದರಲ್ಲಿ ಪರಿಶೀಲಿಸಿದ 70 ಚೀನೀ ರೋಗಿಗಳ ಪೈಕಿ 29 ಮಂದಿಯಲ್ಲಿ ದಪ್ಪಗಾಗುವ ಭಯ ಕಂಡುಬರಲಿಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲದಿರುವಿಕೆ ಮೊದಲಾದವನ್ನೇ ಅವರು ಉಪವಾಸಕ್ಕೆ ಕಾರಣವಾಗಿ ನೀಡಿದ್ದರು. ಅಂದರೆ 1873ರ ಪ್ಯಾರಿಸ್ಸಿನ ನುಡಿಯು ನೂರಿಪ್ಪತ್ತು ವರ್ಷಗಳ ತರುವಾಯ ಹಾಂಗ್ ಕಾಂಗಿನಲ್ಲಿ ಕೇಳಿಬಂದಿತ್ತು. ಮುಂದೆ ಅದೇ ನಗರದಲ್ಲಿ ದಪ್ಪಗಾಗುವ ಭಯವನ್ನು ಹೇಳುವ ರೋಗಿಗಳ ಪ್ರಮಾಣ ಹೆಚ್ಚುತ್ತ ಬಂದುದನ್ನು 1987ರಿಂದ 2007ರವರೆಗಿನ ದಾಖಲೆಗಳನ್ನಾಧರಿಸಿದ ಅಧ್ಯಯನವು ತೋರಿಸಿತು. ರೋಗವನ್ನು ಹೇಳಿಕೊಳ್ಳುವ ಮಾತಿಗೂ ಚರಿತ್ರೆಯುಂಟೆಂಬುದಕ್ಕೆ ಇದು ನಿದರ್ಶನ.

ಫಿಜಿ ದ್ವೀಪದ ನಾಂಡ್ರೊಂಗಾ ಪ್ರಾಂತದಲ್ಲಿ ಆನ್ ಬೆಕರ್ ನಡೆಸಿದ ಅಧ್ಯಯನದ ದಾರಿ ಬೇರೆ. ಅಲ್ಲಿ ತುಂಬಿದ ಮೈ ಆರೈಕೆಯ ಕುರುಹು; ಸೊರಗಿದವರನ್ನು ಕಂಡರೆ ಮನೆಯವರ ಅಕ್ಕರೆಗೇ ಕುಂದೆಂಬ ಭಾವನೆ. ಹಸಿವು ಕೆಡುವ ‘ಮದಾಕೆ’ ಎಂಬ ಕಾಯಿಲೆಗೆ ಮನೆಯವರೇ ಗಿಡಮೂಲಿಕೆಯ ಮದ್ದು ಕೊಡುವ ವಾಡಿಕೆಯಿತ್ತು. 1995ರಲ್ಲಿ ಅಲ್ಲಿಗೆ ದೂರದರ್ಶನ ಬಂದಿತು. ಆ ವರ್ಷ 63 ಮತ್ತು 1998ರಲ್ಲಿ 65 ಶಾಲಾ ಬಾಲಕಿಯರನ್ನು ಪರೀಕ್ಷಿಸಿದಾಗ, ಪ್ರಶ್ನಾವಳಿಯಲ್ಲಿ ಅಪಾಯದ ಮಟ್ಟ ಮೀರಿದವರ ಪ್ರಮಾಣ ಶೇ. 12.7ರಿಂದ ಶೇ. 29.2ಕ್ಕೆ ಏರಿತ್ತು. ತೂಕ ಇಳಿಸಲೆಂದು ವಾಂತಿ ಮಾಡಿಕೊಳ್ಳುವವರು ಮೊದಲು ಯಾರೂ ಇರಲಿಲ್ಲ, ನಂತರ ಶೇ. 11.3ರಷ್ಟಿದ್ದರು. 2007ರಲ್ಲಿ 523 ಬಾಲಕಿಯರನ್ನು ಕುರಿತು ನಡೆದ ಮತ್ತೊಂದು ಅಧ್ಯಯನದಲ್ಲಿ, ಹೊಟ್ಟೆ ತೊಳೆಯುವ ನಾಟಿ ಮದ್ದನ್ನೇ ಈ ಉದ್ದೇಶಕ್ಕೆ ಬಳಸುವವರೂ ಕಂಡುಬಂದರು. ಪಾಶ್ಚಾತ್ಯ ಪ್ರಶ್ನಾವಳಿಯನ್ನು ಹಾಗೆಯೇ ಒಯ್ದಿದ್ದರೆ ಈ ರೂಢಿ ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಇಂತಹ ಕಣ್ತಪ್ಪು ದೂರದ ದ್ವೀಪಗಳಿಗೆ ಮಾತ್ರ ಸೀಮಿತವಲ್ಲ. ಅಮೆರಿಕದ ಕಾಲೇಜುಗಳಲ್ಲಿ 1996ರಲ್ಲಿ ನಡೆದ ತಪಾಸಣಾ ಕಾರ್ಯಕ್ರಮದ ದಾಖಲೆಗಳನ್ನು ಬೆಕರ್ ಮತ್ತು ಸಂಗಡಿಗರು ವಿಶ್ಲೇಷಿಸಿ 2003ರಲ್ಲಿ ಪ್ರಕಟಿಸಿದರು. ಲಕ್ಷಣಗಳ ತೀವ್ರತೆ ಸಮನಾಗಿದ್ದಾಗಲೂ ಲ್ಯಾಟಿನೋ ಹಾಗೂ ಮೂಲನಿವಾಸಿ ವಿದ್ಯಾರ್ಥಿಗಳನ್ನು ಹೆಚ್ಚಿನ ಪರೀಕ್ಷೆಗೆ ಕಳುಹಿಸಿದ್ದು ಕಡಿಮೆಯೆಂಬುದು ಅದರಿಂದ ತಿಳಿದುಬಂದಿತು.

ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ಹೊರತಂದ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಲಕ್ಷಣಗಳು ಪರಿಷ್ಕೃತಗೊಂಡವು. ಭಯವನ್ನು ವ್ಯಕ್ತಪಡಿಸದಿದ್ದರೂ ತೂಕ ಏರದಂತೆ ತಡೆಯುವ ನಿರಂತರ ವರ್ತನೆಯನ್ನು ಪರಿಗಣಿಸಬಹುದೆಂದಾಯಿತು. ಮುಟ್ಟು ನಿಲ್ಲುವುದು ಕಡ್ಡಾಯ ಲಕ್ಷಣವಾಗಿ ಉಳಿಯಲಿಲ್ಲ.

ಕರ್ನಾಟಕದ ಮಟ್ಟಿಗೂ ಈ ಚರಿತ್ರೆ ಪ್ರಸ್ತುತ. ಬೆಂಗಳೂರಿನ ಮನೋವೈದ್ಯರನ್ನು ಕೇಳಿ ಸಿದ್ಧಪಡಿಸಿದ, 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಅವರಲ್ಲಿ ಬಹುಪಾಲು ಮಂದಿ ಇಂತಹ ಒಂದು ಪ್ರಕರಣವನ್ನಾದರೂ ಕಂಡಿರುವುದಾಗಿ ತಿಳಿಸಿದ್ದರು. ಕನ್ನಡದಲ್ಲಿ ‘ಮೈಕೈ ತುಂಬಿಕೊಂಡಿದೆ’ ಎಂಬುದು ಇಂದಿಗೂ ಮೆಚ್ಚುಗೆಯ ಮಾತು. ‘ಅನ್ನ ಸೇರುವುದಿಲ್ಲ’ ಎನ್ನುವ ಹುಡುಗಿಯ ಮಾತಿನ ಹಿಂದೆ ಜಠರದ ತೊಂದರೆ, ವ್ರತ, ದುಃಖ ಅಥವಾ ಈ ಅಸ್ವಸ್ಥತೆ ಯಾವುದೂ ಇರಬಹುದು. ಊಟ, ಉಪವಾಸ, ಮೈಕಟ್ಟುಗಳನ್ನು ಕುರಿತ ಆಡುನುಡಿಯನ್ನು ಪ್ರದೇಶವಾರು ಸಂಗ್ರಹಿಸುವ ಕೆಲಸ ಜಾನಪದ ಅಧ್ಯಯನಕ್ಕೆ ಸೇರಿದ್ದು. ಆ ಸಂಗ್ರಹವು ವೈದ್ಯರ ಪ್ರಶ್ನಾವಳಿಗೆ ಆಧಾರವಾದಲ್ಲಿ ಲೆಕ್ಕದಿಂದ ಹೊರಗುಳಿದಿರುವ ರೋಗಿಗಳು ಸಕಾಲದಲ್ಲಿ ಚಿಕಿತ್ಸೆ ಪಡೆಯುವ ಸಾಧ್ಯತೆ ಹೆಚ್ಚುತ್ತದೆ.